ಹಾಡು ಬಲ್ಲ ಮಕ್ಳು, ಬಾಯಿ ಬಿಡದ ಕ್ಲಾಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಒಬ್ರು ಓದುಗರಿಗೆ ಉತ್ತರ ಕೊಡೋವಾಗ, ಆದಿವಾಸಿ ಮಕ್ಳಿರೋ ಶಾಲೆಗಳಲ್ಲಿ ಆ ಮಕ್ಳ ಮನೆ ಹಾಡನ್ನೇ ಪಾಠಕ್ಕೆ ಬಳಸ್ಬೇಕು ಅಂತ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ, ಮೇಲ್, ವಾಟ್ಸಾಪ್ ಮೆಸೇಜು ಬರತ್ತೆ ಅಂದ್ಕೊಂಡಿರ್ಲಿಲ್ಲ. ಒಪ್ಪಿದೋರು, ಒಪ್ಪದೇ ಇರೋರು, ಸಿಟ್ಟಾದೋರು ಎಲ್ಲಾ ಇದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಬದಿಗಿಟ್ಟು ಬರೀ ಇದನ್ನೇ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಎಲ್ಲರದ್ದೂ ಊರಷ್ಟೇ ಕೊಟ್ಟಿದೀನಿ.

ಪ್ರಶ್ನೆ: ನಾನು ಆಶ್ರಮ ಶಾಲೆಯೊಂದಕ್ಕೆ ಹೊಸದಾಗಿ ಬಂದಿರೋ ಟೀಚರ್. ಒಂದನೇ ಕ್ಲಾಸಲ್ಲಿ ಹೆಚ್ಚಿನೋರು ಜೇನುಕುರುಬರ ಮಕ್ಳು. ಹೊರಗೆ ಕೂಗಾಡ್ಕೊಂಡು ಆಡ್ತಾರೆ, ಒಳಗೆ ಬಂದ್ರೆ ಬಾಯೇ ಬಿಡಲ್ಲ. ನಂಗೆ ಅವ್ರ ಮಾತು ಬರಲ್ಲ, ಹಾಡಂತೂ ಒಂದೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ? (ಎಚ್.ಡಿ. ಕೋಟೆ ತಾಲ್ಲೂಕು)

ಉತ್ತರ: ನಿಮಗೆ ಹಾಡು ಬರಲ್ಲ ಅನ್ನೋದ್ರಿಂದಲೇ ಶುರು ಮಾಡಿ ಮೇಡಂ. ಆ ಕ್ಲಾಸಲ್ಲಿ ಮಕ್ಳಿಗೆ ಗೊತ್ತಿದ್ದು ಟೀಚರಿಗೆ ಗೊತ್ತಿಲ್ಲದೇ ಇರೋ ವಿಷಯ ಒಂದಿದೆ ಅಂತ ಮಕ್ಳಿಗೆ ಕಾಣ್ಲಿ. ಅವ್ರಿಂದ ನೀವು ಒಂದು ಹಾಡು ಕಲೀರಿ, ತಪ್ಪು ಹೇಳಿ, ಅವ್ರು ತಿದ್ಲಿ. ಆರು ವರ್ಷದ ಮಗು ಟೀಚರ್ ಬಾಯಿಂದ ಬಂದ ತಪ್ಪು ಶಬ್ದ ಕೇಳಿ ಸುಮ್ನಿರೋದು ಕಷ್ಟ, ಅದು ಮಾತಾಡೇ ಮಾತಾಡತ್ತೆ.

ನೀವಿರೋ ತಾಲ್ಲೂಕಿಗೆ ಒಂದು ಚರಿತ್ರೆ ಇದೆ, ಗೊತ್ತಿರ್ಬೋದು. ಹಾಡು, ಆಟ, ಕಾರ್ಡಿನ ಮೂಲಕ ಚಿಕ್ಕ ಮಕ್ಳಿಗೆ ಕಲಿಸೋ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಅಲ್ಲಿ, 1995ರಲ್ಲಿ, ಯುನಿಸೆಫ್ ಸಹಾಯದಿಂದ. ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನ ನೋಡ್ಕೊಂಡು ಬಂದ ನಮ್ಮ ಸರ್ಕಾರಿ ಮೇಷ್ಟ್ರುಗಳು, ಟೀಚರುಗಳೇ ಕೂತು ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲು ಎಲ್ಲಾ ಮಾಡಿದ್ದು, ಆಮೇಲೆ 2009-10ರ ಹೊತ್ತಿಗೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಯ್ತು. ಹಾಡಿನಿಂದ ಪಾಠಕ್ಕೆ ಹೋಗೋದು ಅದರ ಮೊದಲ ಗುಣ. ಆದ್ರೆ ಅದು ರಾಜ್ಯಕ್ಕೆಲ್ಲ ಹೊಂದೋ ಹಾಗೆ ಆಗ್ತಾ ಆಗ್ತಾ ಅದರೊಳಗಿನ ಹಾಡುಗಳು ಪಠ್ಯದ ಕನ್ನಡದ ಹಾಡುಗಳಾದ್ವು, ನಿಮ್ಮ ಕ್ಲಾಸಿನ ಮಗೂಗೆ ಆ ಹಾಡೂ ಹೊಸದು, ಭಾಷೇನೂ ಹೊಸದು, ಅಕ್ಷರಾನೂ ಹೊಸದು. ಮೂರು ಹೊಸದನ್ನ ಒಟ್ಟಿಗೆ ಕೊಟ್ರೆ ಯಾವ ಮಗು ಬಾಯಿ ಬಿಡತ್ತೆ ಹೇಳಿ.

ಮಗೂಗೆ ಬಾಯಿಪಾಠ ಇರೋ ಹಾಡು ತಗೊಂಡ್ರೆ ಮೂರರಲ್ಲಿ ಎರಡು ಹಳೇದಾಗತ್ತೆ, ಅಕ್ಷರ ಒಂದೇ ಹೊಸದು. ಮಾಡೋದು ಹೀಗೆ. ಹಾಡಿಯಿಂದ, ಅಂದ್ರೆ ಆ ಮಕ್ಳ ಮನೆಗಳಿರೋ ಕೇರಿಯಿಂದ, ಒಬ್ರು ಅಜ್ಜಿನೋ ಅಕ್ಕನೋ ಬರ್ಲಿ, ಮಕ್ಳ ಜೊತೆ ಹಾಡ್ಲಿ, ನಾಲ್ಕೇ ಸಾಲು ಸಾಕು. ದೊಡ್ಡ ಶೀಟಲ್ಲಿ ಕನ್ನಡ ಲಿಪೀಲಿ ಬರೀರಿ, ಅವ್ರು ಹೇಳಿದ ಹಾಗೇ ಬರೀರಿ, ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿದ್ಬೇಡಿ. ಬರೆಯೋವಾಗ ಒಂದೊಂದು ಶಬ್ದಕ್ಕೂ ಮಕ್ಳನ್ನ ಕೇಳಿ, ಹೀಗಾ ಹಾಗಾ ಅಂತ. ಆಮೇಲೆ ಚಪ್ಪಾಳೆ ಹೊಡೀತಾ ಹೇಳ್ಸಿ. ನಮ್ಮ ಲಿಪೀಲಿರೋ ದೊಡ್ಡ ಅನುಕೂಲ ಏನಂದ್ರೆ ಒಂದು ಚಪ್ಪಾಳೆಗೆ ಹೆಚ್ಚುಕಮ್ಮಿ ಒಂದು ಅಕ್ಷರ ಬೀಳತ್ತೆ, ಕಿವಿಗೆ ಕೇಳಿದ್ದು ಕಣ್ಣಿಗೆ ಕಾಣತ್ತೆ.

ಒಂದು ಶಾಲೇಲಿ ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಬ್ಬ ಹುಡುಗ ಶೀಟಿನ ಮೇಲೆ ಬೆರಳಿಟ್ಕೊಂಡು ಹಾಡ್ತಾ ಇದ್ದ, ಬೆರಳು ಸಾಲಿನ ಕೊನೆಗೆ ಓಡಿ ಹೋಯ್ತು, ಹಾಡು ಇನ್ನೂ ಅರ್ಧದಲ್ಲಿತ್ತು, ಯಾಕಂದ್ರೆ ಆ ಹಾಡಲ್ಲಿ ಮೂರನೇ ಅಕ್ಷರಾನ ಉದ್ದಕ್ಕೆ ಎಳೀತಾರೆ. ಹುಡುಗ ನಿಂತ, ಬೆರಳು ನೋಡ್ದ, ಮತ್ತೆ ಮೊದಲಿಂದ ಬಂದು ಆ ಮೂರನೇ ಅಕ್ಷರದ ಮೇಲೆ ಬೆರಳನ್ನ ಒತ್ತಿ ಹಿಡ್ಕೊಂಡು, ಎಳೆಯೋದು ಮುಗಿಯೋ ತನಕ ಅಲ್ಲೇ ಇಟ್ಕೊಂಡಿದ್ದು ಆಮೇಲೆ ಮುಂದಿನ ಅಕ್ಷರಕ್ಕೆ ಹೋದ. ಯಾರೂ ಹೇಳ್ಕೊಟ್ಟಿರ್ಲಿಲ್ಲ. ಈ ಗುರುತಿಗೂ ಆ ಸದ್ದಿಗೂ ಸಂಬಂಧ ಇದೆ ಅಂತ ಅವನಿಗೆ ಹೊಳೆದಿದ್ದು ಆ ಕ್ಷಣದಲ್ಲೇ. ಓದು ಅಂದ್ರೆ ಅಷ್ಟೇ ತಾನೇ, ಮಿಕ್ಕಿದ್ದೆಲ್ಲ ಅಭ್ಯಾಸ.

ಆ ಶೀಟನ್ನ ಗೋಡೆ ಮೇಲೆ ಬಿಡಿ. ಅದರಲ್ಲಿರೋ ಅಕ್ಷರಗಳನ್ನೇ ನಲಿ-ಕಲಿ ಕಾರ್ಡಲ್ಲಿ ಹುಡುಕೋಕೆ ಹೇಳಿ. ನಾಲ್ಕೈದು ಹಾಡು ಆಗೋ ಹೊತ್ತಿಗೆ ಕಾಗುಣಿತದ ದೊಡ್ಡ ಭಾಗ ಕಣ್ಣಿಗೆ ಬಿದ್ದಿರತ್ತೆ, ಅಲ್ಲಿಂದ ಪಠ್ಯದ ಕನ್ನಡಕ್ಕೆ ದಾಟೋದು ಸಲೀಸು.

ಪ್ರಶ್ನೆ: ನಾನು ಎರವರವನು, ಕಾಫಿ ತೋಟದ ಲೈನ್ ಮನೇಲಿರೋದು. ನೀವು ಓದಿದೋರು ಹಾಡು, ಸಂಸ್ಕೃತಿ ಅಂತೀರ. ನಿಮ್ಮ ಮಕ್ಳು ಇಂಗ್ಲಿಷ್ ಮೀಡಿಯಂ. ನಮ್ಮ ಮಕ್ಳಿಗೆ ಹಾಡು ಮನೇಲೇ ಸಿಗತ್ತೆ, ಶಾಲೇಲಿ ಇಂಗ್ಲಿಷು, ಗಣಿತ ಕಲಿಸ್ಲಿ. ನಾನು ಹೇಳೋದು ತಪ್ಪಾ? (ಪೊನ್ನಂಪೇಟೆ)

ಉತ್ತರ: ತಪ್ಪಿಲ್ಲ. ನಿಮ್ಮ ಮಕ್ಳಿಗೆ ಇಂಗ್ಲಿಷ್ ಬರ್ಬೇಕು, ಗಣಿತ ಬರ್ಬೇಕು, ಅದನ್ನ ಕಮ್ಮಿ ಮಾಡಿ ಹಾಡು ಹೇಳ್ಕೊಡಿ ಅಂತ ಯಾರಾದ್ರೂ ಅಂದ್ರೆ ನಾನೂ ನಿಮ್ಮ ಜೊತೆ ನಿಂತು ಜಗಳ ಆಡ್ತೀನಿ. ಆದಿವಾಸಿ ಮಗು ಅಂದ ತಕ್ಷಣ ಕುಣಿಸೋದು, ಓದೋದಕ್ಕೆ ಬೇರೆ ಮಕ್ಳು ಅನ್ನೋ ಅಭ್ಯಾಸ ನಮ್ಮಲ್ಲಿದೆ, ನಿಮ್ಮ ಸಿಟ್ಟು ಅಲ್ಲಿಂದ ಬಂದಿದ್ದು ಅಂತ ನಂಗೆ ಅರ್ಥ ಆಗತ್ತೆ.

ಆದ್ರೆ ನಿಮ್ಮ ಪತ್ರದಲ್ಲಿ ಒಂದು ಮಾತಿದೆಯಲ್ಲ, ಹಾಡು ಮನೇಲೇ ಸಿಗತ್ತೆ ಅಂತ, ಅದನ್ನ ಸ್ವಲ್ಪ ಯೋಚ್ನೆ ಮಾಡಿ. ಮನೇಲಿ ಹಾಡು ಸಿಗೋದು ಯಾವಾಗ? ಕೆಲಸ ಮುಗಿಸಿ ಬಂದ್ಮೇಲೆ, ಒಲೆ ಹಚ್ಚಿದ್ಮೇಲೆ, ಕತ್ತಲಾದ್ಮೇಲೆ. ಹಬ್ಬ, ಮದುವೆ, ತಿಥಿ ರಾತ್ರಿಗಳಲ್ಲಿ. ಆಶ್ರಮ ಶಾಲೆ ಅಂದ್ರೆ ವಸತಿ ಶಾಲೆ. ಮಗು ಆರನೇ ವರ್ಷಕ್ಕೆ ಹೋಗಿ ಹಾಸ್ಟೆಲ್ ಸೇರತ್ತೆ, ಹಬ್ಬಕ್ಕೋ ರಜೆಗೋ ಮನೆಗೆ ಬರತ್ತೆ. ಹಗಲು ಹೊತ್ತಲ್ಲಿ ಅದು ಶಾಲೇಲಿರೋದು ಸರಿ, ಎಲ್ಲಾ ಮಕ್ಳೂ ಇರ್ತಾರೆ, ಆದ್ರೆ ಈ ಮಗುವಿನ ಸಂಜೆಗಳನ್ನೂ ಶಾಲೆ ತಗೊಂಡು ಬಿಟ್ಟಿದೆ, ಹಾಡು, ಕಥೆ, ಒಗಟು, ಗಿಡದ ಹೆಸರು, ಸತ್ತೋರ ಹೆಸರು ಎಲ್ಲಾ ದೊಡ್ಡೋರಿಂದ ಚಿಕ್ಕೋರಿಗೆ ಹೋಗೋ ಹೊತ್ತೇ ಅದು, ಆ ಹೊತ್ತಲ್ಲಿ ಮಗು ಹಾಸ್ಟೆಲಲ್ಲಿ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತಿರತ್ತೆ. ಊಟ, ಬಟ್ಟೆ, ಪುಸ್ತಕ ಎಲ್ಲಾ ಕೊಟ್ಟ ಸರ್ಕಾರ ಈ ಒಂದನ್ನ ಲೆಕ್ಕಕ್ಕೇ ತಗೊಂಡಿಲ್ಲ. ಹಾಗಾಗಿ ಹಾಡನ್ನ ಶಾಲೆಗೆ ತನ್ನಿ ಅಂತ ನಾನು ಕೇಳೋದು ಶಾಲೆ ತಗೊಂಡಿದ್ದನ್ನ ವಾಪಸ್ ಕೊಡ್ಲಿ ಅಂತ.

ಅದಕ್ಕೆ ನಿಮ್ಮ ಗಣಿತದ ಪೀರಿಯಡ್ಡು ಬೇಕಿಲ್ಲ, ಹಾಸ್ಟೆಲಿನ ಸಂಜೆ ಸಾಕು. ವಾರಕ್ಕೆ ಎರಡು ಸಂಜೆ, ಹಾಡಿಯಿಂದ ಇಬ್ರು ದೊಡ್ಡೋರು ಬಂದು ಮಕ್ಳ ಜೊತೆ ಊಟ ಮಾಡಿ, ಕೂತು, ಏನು ಮಾತಾಡ್ತಾರೋ ಮಾತಾಡ್ಲಿ, ಅವ್ರ ಮಾತಲ್ಲೇ. ಸುಮ್ನೆ ಬನ್ನಿ ಅಂತ ಕರೀಬಾರ್ದು, ಅವ್ರಿಗೆ ಒಂದು ದಿನದ ಕೂಲಿ ಅಂದ್ರೆ ಕೂಲಿ. ಕೊಡಗಲ್ಲಿ ಕಾಫಿ ಕೊಯ್ಯೋ ಕಾಲದಲ್ಲಿ ಯಾರಿಗೂ ಪುರುಸೊತ್ತಿರಲ್ಲ, ಮಳೆಗಾಲದಲ್ಲಿ ಕೆಲಸ ಕಮ್ಮಿ ಇರೋವಾಗ ಇಟ್ಕೊಳ್ಬೇಕು, ಬಂದೋರಿಗೆ ಗೌರವಧನ ಕೊಡ್ಬೇಕು, ಕರ್ಕೊಂಡು ಬಂದು ಬಿಟ್ಟು ಬರೋಕೆ ಗಾಡಿ ಬೇಕು. ಇದನ್ನ ನೀವೇ ಶಾಲಾಭಿವೃದ್ಧಿ ಸಮಿತಿ ಸಭೇಲಿ ಕೇಳಿ. ತಾಯಿಭಾಷೇಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡ್ಕೊಡ್ಬೇಕು ಅಂತ ಸಂವಿಧಾನದ 350ಎ ವಿಧೀಲಿ ಇದೆ, 2020ರ ಶಿಕ್ಷಣ ನೀತೀಲೂ ಕನಿಷ್ಠ ಐದನೇ ಕ್ಲಾಸಿನ ತನಕ ಆದಷ್ಟೂ ಮನೆಮಾತು ಅಂತ ಬರೆದಿದಾರೆ. ನೀವು ಮನೇಲಿ ಆಡೋ ಮಾತು ಮಲಯಾಳಕ್ಕೆ ಹತ್ರ, ಶಾಲೇದು ಕನ್ನಡ, ಆಮೇಲೆ ಇಂಗ್ಲಿಷು. ಇಷ್ಟು ದೂರ ನಡೀಬೇಕಾದ ಮಗೂಗೆ ಮೊದಲ ಮೆಟ್ಟಿಲು ತನ್ನ ಮಾತಲ್ಲಿದ್ರೆ ಇಂಗ್ಲಿಷಿಗೂ ಬೇಗ ಹೋಗತ್ತೆ.

ಪ್ರಶ್ನೆ: ಸೋಲಿಗ ಮಕ್ಳಿಗೆ ಪರಿಸರ ಅಧ್ಯಯನ ಪಾಠ ಮಾಡ್ತೀನಿ. ಗೊರುಕಾನ ಹಾಡು ಎಲ್ಲರಿಗೂ ಬರತ್ತೆ, ವರ್ಷಕ್ಕೊಂದು ಸಲ ಸ್ಕೂಲ್ ಡೇಗೆ ಕುಣೀತಾರೆ. ಇದರಿಂದ ವಿಜ್ಞಾನ ಹೇಗೆ ಕಲಿಸೋದು? (ಯಳಂದೂರು)

ಉತ್ತರ: ನೀವು ಕೇಳಿದ ಪ್ರಶ್ನೆಗೆ ಪುಸ್ತಕ ಬರೆಯೋಷ್ಟು ವಿಷಯ ಇದೆ, ನಂಗೆ ತುಂಬಾ ಇಷ್ಟದ್ದು ಬೇರೆ.

ಗೊರುಕಾನದಲ್ಲಿ ಏನಿದೆ? ಮರ ಇದೆ, ಹಕ್ಕಿ ಇದೆ, ಪ್ರಾಣಿ ಇದೆ, ಗುಡ್ಡದ ಹೆಸರಿದೆ, ದೇವ್ರಿದಾರೆ. ರೊಟ್ಟಿ ಹಬ್ಬದಲ್ಲಿ, ಹೊಸ ರಾಗಿ ಬಂದಾಗ, ರಾತ್ರಿಯಿಡೀ ಹಾಡ್ಕೊಂಡು ಕುಣಿಯೋ ಹಾಡನ್ನ ನಾವು ಸ್ಟೇಜಿಗೆ ಅಂತ ಐದು ನಿಮಿಷಕ್ಕೆ ಕತ್ತರಿಸಿ, ಬಾಡಿಗೆ ಡ್ರೆಸ್ಸು ಹಾಕ್ಸಿ, ಸೊಂಟಕ್ಕೆ ಸೊಪ್ಪು ಕಟ್ಟಿಸಿ ಕುಣಿಸ್ತೀವಿ. ದಯವಿಟ್ಟು ಆ ಸೊಪ್ಪು ಕಟ್ಟಿಸೋದನ್ನ ಬಿಟ್ಬಿಡಿ. ಅವರಪ್ಪ ಅಮ್ಮ ಶರ್ಟು ಸೀರೆ ಉಟ್ಕೊಂಡು ಮುಂದಿನ ಸಾಲಲ್ಲಿ ಕೂತಿರ್ತಾರೆ.

ಪಾಠಕ್ಕೆ ಹಾಡನ್ನ ಪೂರ್ತಿ ಕೇಳಿ. ಪೋಡಿನ, ಅಂದ್ರೆ ಸೋಲಿಗರ ಊರಿನ, ಹಿರಿಯರೊಬ್ರನ್ನ ಕರ್ಸಿ, ಹಾಡಿದ್ಮೇಲೆ ಅದರಲ್ಲಿ ಬಂದ ಮರ, ಹಕ್ಕಿಗಳ ಹೆಸರನ್ನ ಮಕ್ಳೇ ಬೋರ್ಡಿನ ಮೇಲೆ ಬರೀಲಿ. ಆಮೇಲೆ ಶಾಲೆ ಸುತ್ತ ನಡೆದು ಹೋಗಿ, ಎಷ್ಟು ಕಾಣತ್ತೆ ನೋಡಿ, ಕಾಣದೇ ಇರೋದು ಯಾಕೆ ಕಾಣಲ್ಲ ಅಂತ ಹಿರಿಯರನ್ನ ಕೇಳ್ಸಿ. ಅಲ್ಲೇ ಶುರುವಾಗತ್ತೆ ಪರಿಸರ ಪಾಠ. ಯಾಕಂದ್ರೆ ಅವ್ರು ಹೇಳೋ ಉತ್ತರದಲ್ಲಿ ಲಂಟಾನ ಅನ್ನೋ ಕಳೆ ಪೊದೆ ಬರತ್ತೆ. ಮೊದ್ಲು ಬೇಸಿಗೆ ಶುರುವಲ್ಲಿ ತರಗು ಬೆಂಕಿ ಹಾಕ್ತಿದ್ರು, ನೆಲದ ಮೇಲಿನ ಒಣ ಎಲೆ ಅಷ್ಟೇ ಸುಡೋ ಸಣ್ಣ ಬೆಂಕಿ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು, ಒಳಗಿನ ಪೋಡುಗಳನ್ನ ಎಬ್ಬಿಸಿ ಒಂದ್ಕಡೆ ಕೂರ್ಸಿದ್ರು, ಬೆಂಕಿ ನಿಂತ್ತು, ಲಂಟಾನ ಆಳೆತ್ತರ ಬೆಳೀತು, ನೆಲ್ಲಿ ಮರಕ್ಕೆ ಉಪ್ಪಿಲು ಹತ್ಕೊಂಡ್ತು ಅಂತ ಸೋಲಿಗರು ಹೇಳ್ತಾರೆ. ಉಪ್ಪಿಲು ಅಂದ್ರೆ ಮರದ ಕೊಂಬೆ ಮೇಲೇ ಬೇರು ಬಿಟ್ಟು ಅದರ ರಸ ಹೀರ್ಕೊಂಡು ಬೆಳೆಯೋ ಗಿಡ, ಬಂದಣಿಕೆ ಅಂತೀವಲ್ಲ ಆ ಜಾತಿ. ಬೆಂಕಿ ಒಳ್ಳೇದಾ ಕೆಟ್ಟದ್ದಾ ಅನ್ನೋ ಪ್ರಶ್ನೆಗೆ ಪುಸ್ತಕದಲ್ಲಿ ಒಂದೇ ಉತ್ತರ ಇದೆ, ಮಗುವಿನ ಅಜ್ಜನ ಹತ್ರ ಬೇರೆ ಉತ್ತರ ಇದೆ, ಎರಡನ್ನೂ ಬೋರ್ಡಿನ ಮೇಲೆ ಬರೆದು ಮಕ್ಳು ವಾದ ಮಾಡ್ಲಿ. ವಿಜ್ಞಾನದ ಕ್ಲಾಸು ಹೀಗಿರ್ಬೇಕು.

ಇನ್ನೊಂದು, ಜೇನು. ಪಠ್ಯದಲ್ಲಿ ಜೇನುಹುಳು ಅಂತ ಒಂದೇ ಹುಳು ಇರತ್ತೆ. ನಿಮ್ಮ ಕ್ಲಾಸಿನ ಮಗೂಗೆ ನಾಲ್ಕು ಗೊತ್ತು. ಎತ್ತರದ ಮರಕ್ಕೆ, ಬಂಡೆಗೆ ಬಯಲಲ್ಲೇ ಒಂದೇ ದೊಡ್ಡ ತಟ್ಟು ಕಟ್ಟೋ ಹೆಜ್ಜೇನು, ಪೊಟರೆ ಒಳಗೆ ಸಾಲಾಗಿ ಹಲವು ತಟ್ಟು ಕಟ್ಟೋ ತುಡುವೆ, ಪೊದೆಯ ಕಡ್ಡಿಗೆ ಅಂಗೈಯಷ್ಟು ತಟ್ಟು ಕಟ್ಟೋ ಕಡ್ಡಿಜೇನು, ಕಚ್ಚೋ ಮುಳ್ಳೇ ಇಲ್ಲದ ನೆಸರಿ. ಯಾವುದನ್ನ ಪೆಟ್ಟಿಗೇಲಿ ಸಾಕ್ಬೋದು, ಯಾವುದನ್ನ ಆಗಲ್ಲ, ಯಾಕೆ? ಪೊಟರೆ ಕತ್ತಲಲ್ಲಿ ಬದುಕೋದು ಪೆಟ್ಟಿಗೆ ಕತ್ತಲಲ್ಲೂ ಬದುಕತ್ತೆ, ಬಯಲಲ್ಲಿ ಕಟ್ಟೋದು ಪೆಟ್ಟಿಗೆಗೆ ಬರಲ್ಲ. ಇದನ್ನ ಮಗು ತಾನೇ ಹೇಳತ್ತೆ, ನೀವು ಕೇಳಿದ್ರೆ. ಹೆಜ್ಜೇನು ಇಳಿಸೋದು ರಾತ್ರಿ ಹೊತ್ತು, ಹೊಗೆ ಹಾಕಿ, ಮರದ ಮೇಲೆ ಕೂತು ಹಾಡ್ಕೊಂಡೇ ಇಳಿಸ್ತಾರೆ. ಆ ಹಾಡನ್ನ ಬಲ್ಲೋರು ಸಿಕ್ಕಿದ್ರೆ ಕೇಳ್ಸಿ, ಯಾವ ತಿಂಗಳಲ್ಲಿ ಯಾವ ಮರ ಹೂ ಬಿಡತ್ತೆ, ಆಗ ಯಾವ ಜೇನು ಎಲ್ಲಿರತ್ತೆ ಅಂತ ಒಂದು ವರ್ಷದ ಕ್ಯಾಲೆಂಡರ್ ಮಕ್ಳ ಕೈಲಿ ಮಾಡ್ಸಿ. ಆ ಕ್ಯಾಲೆಂಡರನ್ನ ಯಾವ ಪಬ್ಲಿಷರೂ ಮಾರಲ್ಲ.

ಮ್ಯಾಪಿನ ಪಾಠಾನೂ ಅಲ್ಲೇ ಇದೆ. ಸೋಲಿಗರಿಗೆ ಕುಲಕ್ಕೊಂದು ಎಲ್ಲೆ, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಪವಿತ್ರ ಜಾಗಗಳು. ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯೋರು ಸೋಲಿಗರ ಜೊತೆ ಕಾಡೆಲ್ಲ ನಡೆದು ಇಂಥ 400ಕ್ಕೂ ಹೆಚ್ಚು ಜಾಗ ಗುರುತು ಮಾಡಿ ಮ್ಯಾಪ್ ಮಾಡಿದಾರೆ, ಆ ಜಾಗಗಳ ಹೆಸರು ಉಳ್ಕೊಂಡಿದ್ದು ಹಿರಿಯರ ನೆನಪಲ್ಲಿ. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರಾನೂ ಸಿಕ್ತು, ಹುಲಿ ಕಾಡೊಂದರಲ್ಲಿ ಹೀಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ನಾಲ್ಕನೇ ಕ್ಲಾಸಿನ ಮಗು ಭಾರತದ ಮ್ಯಾಪ್ ಬಿಡಿಸೋ ಮೊದಲು ತನ್ನ ಕುಲದ ಎಲ್ಲೆ ಬಿಡಿಸ್ಲಿ. ಡಾ. ಸುದರ್ಶನ್ ಅವ್ರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದಾಗಿಂದ ಆ ಬೆಟ್ಟದಲ್ಲಿ ಓದಿದ ತಲೆಮಾರು ಈಗ ದೊಡ್ಡದಾಗಿದೆ, ಸೋಲಿಗರಲ್ಲೇ ಪಿಎಚ್‌ಡಿ ಮಾಡಿದೋರಿದಾರೆ, ಅವ್ರನ್ನೂ ಕ್ಲಾಸಿಗೆ ಕರೀರಿ. ಕಾಡಿನ ತಿಳುವಳಿಕೆ, ಕಾಲೇಜು ಎರಡೂ ಒಬ್ಬರಲ್ಲೇ ಇರ್ಬೋದು ಅಂತ ಮಕ್ಳು ನೋಡ್ಲಿ.

ಪ್ರಶ್ನೆ: ನಮ್ಮ ಶಾಲೆ ವಾರ್ಷಿಕೋತ್ಸವಕ್ಕೆ ಕೊರಗ ಮಕ್ಳಿಂದ ಡೋಲು ಬಾರಿಸ್ಬೇಕು ಅಂತ ಪ್ಲಾನ್ ಮಾಡಿದ್ವಿ. ಒಬ್ಬ ಹುಡುಗ ಖಡಾಖಂಡಿತ ಆಗಲ್ಲ ಅಂದ, ಅವರಪ್ಪನೂ ಬಂದು ಸಿಟ್ಟು ಮಾಡಿದ್ರು. ಅವ್ರ ಕಲೆಗೆ ಮರ್ಯಾದೆ ಕೊಡೋಣ ಅಂತ ತಾನೇ ನಾವು ಮಾಡಿದ್ದು? (ಉಡುಪಿ ಜಿಲ್ಲೆ)

ಉತ್ತರ: ಆ ಹುಡುಗ ಆಗಲ್ಲ ಅಂದಿದ್ದು ಸರಿ, ಅಪ್ಪ ಬಂದಿದ್ದೂ ಸರಿ. ನಿಮ್ಮ ಮನಸ್ಸು ಒಳ್ಳೇದೇ ಇರ್ಬೋದು, ಆದ್ರೆ ಆ ಡೋಲಿನ ಹಿಂದೆ ಏನಿದೆ ಅಂತ ಶಾಲೇಲಿ ಯಾರೂ ಕೇಳಿಲ್ಲ ಅನ್ಸತ್ತೆ. ಕೊರಗರಿಗೆ ಡೋಲು ಬಾರಿಸೋದು ನೂರಾರು ವರ್ಷ ಬಿಟ್ಟಿ ಚಾಕರಿ ಆಗಿತ್ತು. ಕಂಬಳ, ನೇಮ, ಜಾತ್ರೆ ಅಂದ್ರೆ ಡೋಲು ಹಿಡ್ಕೊಂಡು ಬರ್ಲೇಬೇಕು. ಅಜಲು ಪದ್ಧತಿ ಅಂತ ಒಂದಿತ್ತು, ಬೇರೆಯೋರ ರೋಗ, ಕೇಡು ಹೋಗ್ಲಿ ಅಂತ ಕೂದಲು, ಉಗುರು ಕಲಸಿದ ಅನ್ನಾನ ಕೊರಗರಿಗೆ ತಿನ್ನಿಸ್ತಿದ್ರು, ಕಂಬಳದ ಕೋಣ ಓಡಿಸೋ ಮೊದಲು ಗದ್ದೇಲಿ ಅವ್ರನ್ನ ಓಡಿಸ್ತಿದ್ರು. ಇದು ಯಾವುದೋ ಪುರಾಣ ಕಾಲದ ಮಾತಲ್ಲ, ಇದನ್ನ ನಿಷೇಧ ಮಾಡೋಕೆ ಕರ್ನಾಟಕ ಕಾನೂನು ತಂದಿದ್ದು 2000ನೇ ಇಸ್ವೀಲಿ. ಆ ಹುಡುಗನ ಅಪ್ಪ ಅದನ್ನ ಕಣ್ಣಲ್ಲಿ ನೋಡಿರ್ಬೋದು, ಅಜ್ಜ ಮೈಮೇಲೆ ಅನುಭವಿಸಿರ್ಬೋದು. ಈಗ ಊರೋರೆಲ್ಲ ಖುರ್ಚಿ ಹಾಕ್ಕೊಂಡು ಕೂತಿರೋವಾಗ ಮಗ ಡೋಲು ಬಾರಿಸ್ಬೇಕು ಅಂದ್ರೆ ಅವ್ರಿಗೆ ಏನು ಕಾಣತ್ತೆ?

ಹಾಗಂತ ಡೋಲು ಬೇಡ್ವೇ ಬೇಡ ಅಂತಾನೂ ಅಲ್ಲ. ಕೊರಗ ಯುವಕರೇ ತಮ್ಮ ತಂಡ ಕಟ್ಕೊಂಡು, ತಮ್ಮ ಇಷ್ಟದಿಂದ, ಸಂಭಾವನೆ ತಗೊಂಡು ತಲೆಯೆತ್ತಿ ಬಾರಿಸೋದು ಇವತ್ತು ಇದೆ. ವ್ಯತ್ಯಾಸ ಇಷ್ಟೇ, ಅದನ್ನ ತೀರ್ಮಾನ ಮಾಡಿದ್ದು ಅವ್ರು. ನೀವು ಈಗ ಮಾಡ್ಬೇಕಾದ್ದು, ಆ ಮನೆಗೆ ಹೋಗಿ, ಕೂತು, ಕೇಳಿಸ್ಕೊಳ್ಳಿ. ಆಮೇಲೆ ಕ್ಲಾಸಲ್ಲಿ ಎಲ್ಲಾ ಮಕ್ಳಿಗೂ, ಮುಖ್ಯವಾಗಿ ಕೊರಗರಲ್ಲದ ಮಕ್ಳಿಗೆ, ಅಜಲು ಅಂದ್ರೆ ಏನಿತ್ತು, ಅದು ಹೇಗೆ ಹೋಯ್ತು ಅಂತ ಪಾಠ ಮಾಡಿ. ಸಮಾಜ ವಿಜ್ಞಾನದಲ್ಲಿ ಇದಕ್ಕಿಂತ ಹತ್ತಿರದ ಪಾಠ ನಿಮ್ಮ ಶಾಲೆಗೆ ಸಿಗಲ್ಲ. ಕೊರಗರಿಗೆ ತಮ್ಮದೇ ಭಾಷೆ ಇದೆ, ಮನೇಲಿ ಅಮ್ಮಂದಿರು ಹಾಡೋ ಹಾಡುಗಳಿವೆ. ಹಾಡಿನಿಂದ ಶುರು ಮಾಡ್ಬೇಕು ಅಂದ್ರೆ ಆ ಕಡೆಯಿಂದ ಬನ್ನಿ, ಅವ್ರು ಕೊಟ್ರೆ.

ಪ್ರಶ್ನೆ: ಕುಂಡೆ ಹಬ್ಬ ಮುಗಿಸ್ಕೊಂಡು ಬಂದ ಮಕ್ಳು ಕ್ಲಾಸಲ್ಲಿ ಬೈಗುಳದ ಹಾಡು ಹೇಳ್ತಾರೆ. ಇದನ್ನೂ ಜಾನಪದ ಅಂತ ಬಿಡ್ಬೇಕಾ? (ಗೋಣಿಕೊಪ್ಪ)

ಉತ್ತರ: ದೇವರಪುರದ ಕುಂಡೆ ಹಬ್ಬದಲ್ಲಿ, ಮೇ ತಿಂಗಳಲ್ಲಿ, ಜೇನುಕುರುಬರು, ಎರವರು ವೇಷ ಹಾಕ್ಕೊಂಡು, ಡಬ್ಬ ಬಡ್ಕೊಂಡು ದೇವರನ್ನೇ ಬೈತಾರೆ. ತಮ್ಮನ್ನ ಕಾಡಲ್ಲಿ ಬಿಟ್ಟು ಭದ್ರಕಾಳಿ ಹಿಂದೆ ಹೋದ ಅಯ್ಯಪ್ಪನ ಮೇಲಿನ ಸಿಟ್ಟು ಅಂತ ಕಥೆ. ಆ ಬೈಗುಳಕ್ಕೆ ಆ ದಿನ, ಆ ಜಾಗ ಅಂತ ಕಟ್ಟುಪಾಡಿದೆ. ಅದನ್ನ ಅವ್ರ ದೊಡ್ಡೋರೇ ಹೇಳ್ತಾರೆ, ಹಬ್ಬ ಮುಗಿದ್ಮೇಲೆ ಹಾಡ್ಬಾರ್ದು ಅಂತ. ಹಾಗಾಗಿ ಹೊಡೀಬೇಡಿ, ಕೊಳಕು ಹಾಡು ಅಂತಾನೂ ಅನ್ಬೇಡಿ, ಹಬ್ಬದ ಹಾಡು ಹಬ್ಬಕ್ಕೆ ಅಂತ ಹೇಳಿ ಸಾಕು, ಮಕ್ಳಿಗೆ ಅದು ಆಗ್ಲೇ ಗೊತ್ತಿರತ್ತೆ. ಸಾವಿನ ಹಾಡು, ದೇವ್ರು ಕರೆಯೋ ಹಾಡಿಗೂ ಇದೇ ಮಾತು, ಎಲ್ಲಾ ಹಾಡೂ ಶಾಲೆಗೆ ಬರ್ಬೇಕು ಅಂತಿಲ್ಲ.

ಪ್ರಶ್ನೆ: ನಾನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ). ಹಾಡು ಹಾಡಿಸಿದ್ರೆ ಕಲಿಕಾ ಫಲ ಎಲ್ಲಿ ತೋರಿಸೋದು? ಮೇಲಿನೋರು ಕೇಳ್ತಾರೆ. (ಊರು ಬೇಡ ಅಂದಿದಾರೆ)

ಉತ್ತರ: ಹಾಡಿನ ಶೀಟಲ್ಲಿರೋ ಅಕ್ಷರ ಗುರುತಿಸೋದು, ಪದ ಬಿಡಿಸೋದು, ಅದನ್ನ ಶಾಲೆ ಕನ್ನಡದಲ್ಲಿ ತನ್ನ ಮಾತಲ್ಲಿ ಹೇಳೋದು, ಎಲ್ಲಾ ನಿಮ್ಮ ಪಟ್ಟೀಲಿ ಈಗಾಗ್ಲೇ ಇರೋ ಫಲಗಳೇ, ಟಿಕ್ ಹಾಕ್ಬೋದು. ಮೇಲಿನೋರಿಗೆ ಉದಾಹರಣೆ ಬೇಕು ಅಂದ್ರೆ ಒಡಿಶಾ ತೋರ್ಸಿ. ಅಲ್ಲಿ 2007ರ ಹೊತ್ತಿಗೆ ಸವರ, ಕುಯಿ, ಕುವಿ, ಕೋಯ, ಸಂತಾಲಿ ಹೀಗೆ 10 ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಪಾಠ ಶುರು ಮಾಡಿದ್ರು, ಆ ಸಮುದಾಯದ ಶಿಕ್ಷಕರೇ ಕೂತು ಊರಿನ ಹಾಡು, ಕಥೆ, ಒಗಟು ಹಾಕಿ ಪುಸ್ತಕ ಮಾಡಿದ್ರು, ಬಿತ್ತನೆ, ಕೊಯ್ಲು, ಹಬ್ಬ, ಸಂತೆ ಅಂತ ಊರಿನ ವರ್ಷಚಕ್ರಕ್ಕೆ ಹೊಂದಿಸಿ ಪಾಠ ಜೋಡಿಸಿದ್ರು. ನಮ್ಮಲ್ಲಿ ಭಾಷೆ ಕಮ್ಮಿ, ಮಕ್ಳೂ ಕಮ್ಮಿ, ಒಡಿಶಾಗಿಂತ ನಮಗೆ ಸುಲಭ. ಮನಸ್ಸು ಮಾಡ್ಬೇಕು ಅಷ್ಟೇ.

ಪ್ರಶ್ನೆ: ಇಲ್ಲಿ ಆಸ್ಟ್ರೇಲಿಯಾದಲ್ಲಿ ಅಬೊರಿಜಿನಲ್ ಶಾಲೆಗಳಲ್ಲೂ ಹಾಡಿನ ಮೂಲಕ ಪಾಠ ಅಂತ ಕೇಳಿದೆ. ನಮಗೆ ಅದರಿಂದ ಕಲಿಯೋದು ಏನಾದ್ರೂ ಇದೆಯಾ? (ಸಿಡ್ನಿ)

ಉತ್ತರ: ಇದೆ. ಉತ್ತರದ ಆರ್ನ್‌ಹೆಮ್ ಲ್ಯಾಂಡಲ್ಲಿ ಯಿರ್ಕಾಲಾ ಅಂತ ಊರು, ಯೊಲ್ಂಗು ಜನರದ್ದು. ನಾರ್ದರ್ನ್ ಟೆರಿಟರೀಲಿ 1973ರಲ್ಲಿ ದ್ವಿಭಾಷಾ ಶಾಲೆಗಳು ಶುರುವಾದ್ವು, 80ರ ದಶಕದಲ್ಲಿ ಯಿರ್ಕಾಲಾದ ಹಿರಿಯರು, ಶಿಕ್ಷಕರು ಸೇರಿ ತಮ್ಮ ನೆಲ, ನೆಂಟಸ್ತಿಕೆ, ಹಾಡುಗಳನ್ನೇ ಇಟ್ಕೊಂಡು ಪಠ್ಯಕ್ರಮ ಕಟ್ಟಿದ್ರು. ಅವ್ರಲ್ಲಿ ಹಾಡು ಅಂದ್ರೆ ನೆಲದ ದಾಖಲೇನೂ ಹೌದು, ಯಾವ ಕುಲಕ್ಕೆ ಯಾವ ಹಾಡು ಅಂತ ಹಕ್ಕಿದೆ, ಹಾಗಾಗಿ ಯಾರು ಯಾವುದನ್ನ ಕಲಿಸ್ಬೋದು ಅಂತ ತೀರ್ಮಾನ ಮಾಡೋದು ಹಿರಿಯರು. 1990ರಲ್ಲಿ ಆ ಶಾಲೆಗೆ ಪ್ರಿನ್ಸಿಪಾಲ್ ಆದೋರು ಯೊಲ್ಂಗು ಜನರೇ ಆದ ಯೂನುಪಿಂಗು, ಯೋಥು ಯಿಂಡಿ ಬ್ಯಾಂಡಿನ ಹಾಡುಗಾರ. ಹಗಲು ಶಾಲೆ ನಡೆಸ್ತಿದ್ದ ಮನುಷ್ಯನೇ ತನ್ನ ಜನರ ಹಾಡನ್ನ ಜಗತ್ತಿಗೆ ಕೇಳಿಸಿದ್ದು. ಆದ್ರೆ ನಾರ್ದರ್ನ್ ಟೆರಿಟರಿ ಸರ್ಕಾರ 2008ರಲ್ಲಿ ಶಾಲೇಲಿ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷೇ ಅಂತ ಆರ್ಡರ್ ಮಾಡ್ತು, ಹತ್ತಾರು ವರ್ಷದ ಕೆಲಸಕ್ಕೆ ಪೆಟ್ಟು ಬಿತ್ತು. ನಾವು ಕಲಿಯೋದು ಎರಡು: ಪಾಠ ಕಟ್ಟೋ ಕೆಲಸ ಸಮುದಾಯದ ಕೈಲಿರ್ಬೇಕು, ಮತ್ತೆ ಅದು ಯಾರೋ ಒಬ್ಬ ಅಧಿಕಾರಿಯ ಒಂದು ಸುತ್ತೋಲೇಲಿ ನಿಂತು ಹೋಗದ ಹಾಗೆ ಕಾಯಂ ಶಿಕ್ಷಕರು, ಕಾಯಂ ದುಡ್ಡು ಇರ್ಬೇಕು.

ಪ್ರಶ್ನೆ: ನಾನು ಹಾಲಕ್ಕಿಯವಳು, ಅತಿಥಿ ಶಿಕ್ಷಕಿ. ನಮ್ಮಜ್ಜಿಗೆ ನೂರಾರು ಹಾಡು ಬರ್ತದೆ. ಶಾಲೆ ಮಕ್ಕಳಿಗೆ ಅಂತ ರೆಕಾರ್ಡ್ ಮಾಡ್ಕೊಂಡು ಹೋದವರೊಬ್ರು ಅದನ್ನ ಯೂಟ್ಯೂಬಿಗೆ ಹಾಕಿದಾರೆ, ಅಜ್ಜಿ ಹೆಸರೂ ಇಲ್ಲ. ಎಂತ ಮಾಡೂದು? (ಅಂಕೋಲಾ)

ಉತ್ತರ: ನಿಮ್ಮ ಊರಿನ ಸುಕ್ರಿ ಬೊಮ್ಮಗೌಡರು, ಸುಕ್ರಜ್ಜಿ, 2025ರ ಫೆಬ್ರವರೀಲಿ ಹೋದ್ರು. ಸಾವಿರಾರು ಹಾಡು ತಲೇಲಿಟ್ಕೊಂಡಿದ್ದ ಜೀವ, 2017ರಲ್ಲಿ ಪದ್ಮಶ್ರೀ ಕೊಟ್ರು. ಅವ್ರು ಹೋದಾಗ ಎಲ್ಲರೂ ಹಾಡಿನ ಕಣಜ ಹೋಯ್ತು ಅಂತ ಬರೆದ್ರು, ಆದ್ರೆ ಬಡಗೇರಿ ಸುತ್ತಮುತ್ತಲ ಕೇರಿಗಳಲ್ಲಿ ನಿಮ್ಮಜ್ಜಿ ಥರ ಹಾಡು ಬಲ್ಲೋರು ಇನ್ನೂ ಇದಾರೆ, ಅವ್ರು ಇರೋವಾಗ್ಲೇ ಕೇಳ್ಬೇಕು. ಅದರಲ್ಲೂ ಹಾಲಕ್ಕಿಗಳಿನ್ನೂ ಪರಿಶಿಷ್ಟ ಪಂಗಡದ ಪಟ್ಟೀಲಿಲ್ಲ, ಆಶ್ರಮ ಶಾಲೆಯ ಸವಲತ್ತೂ ಆ ಲೆಕ್ಕದಲ್ಲಿ ಸಿಗಲ್ಲ, ಹಾಗಾಗಿ ಈ ಕೆಲಸ ನಿಮ್ಮಂಥೋರ ಮೇಲೇ ಬಿದ್ದಿದೆ.

ಯೂಟ್ಯೂಬ್ ವಿಷಯ. ಹಳೇ ಹಾಡಿಗೆ ಒಬ್ರೇ ಕರ್ತೃ ಇಲ್ಲ ನಿಜ, ಆದ್ರೆ ಅಜ್ಜಿ ಹಾಡಿದ ಆ ಹಾಡುಗಾರಿಕೆ ಮೇಲೆ ಅಜ್ಜಿಗೆ ಹಕ್ಕಿದೆ. ನಮ್ಮ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ನಲ್ಲಿ ಪ್ರದರ್ಶಕರ ಹಕ್ಕು ಅಂತಿದೆ, 50 ವರ್ಷ ಇರತ್ತೆ, ದೊಡ್ಡ ಗಾಯಕರಿಗೆ ಮಾತ್ರ ಅಂತಿಲ್ಲ. ಮೊದ್ಲು ಆ ವ್ಯಕ್ತಿಗೆ ನೀವೇ ಫೋನ್ ಮಾಡಿ, ಅಜ್ಜಿಯ ಒಪ್ಪಿಗೆ ಶಾಲೆಗೆ ಮಾತ್ರ ಇತ್ತು, ಈಗ ಅಜ್ಜಿ ಏನು ಹೇಳ್ತಾರೋ ಹಾಗೆ ಮಾಡಿ ಅಂತ ಹೇಳಿ. ಹಾಕ್ಲಿ ಆದ್ರೆ ಹೆಸರು ಹಾಕ್ಲಿ ಅಂತ ಅಜ್ಜಿ ಅಂದ್ರೆ ಹೆಸರು, ಕೇರಿ, ಯಾವ ಸಂದರ್ಭದ ಹಾಡು ಅನ್ನೋದು ಮೊದಲ ಸಾಲಲ್ಲೇ ಬರ್ಬೇಕು. ಬೇಡ ಅಂದ್ರೆ ತೆಗೀಬೇಕು, ತೆಗೀಲಿಲ್ಲ ಅಂದ್ರೆ ಯೂಟ್ಯೂಬಿಗೇ ದೂರು ಕೊಡ್ಬೋದು, ಫಾರ್ಮ್ ಅಲ್ಲೇ ಇದೆ.

ಇನ್ಮುಂದೆ ರೆಕಾರ್ಡ್ ನೀವೇ ಮಾಡಿ. ಫೋನ್ ಸಾಕು, ಫ್ಯಾನ್ ಆಫ್ ಮಾಡಿ, ಅಜ್ಜಿ ಹತ್ರ ಕೂತು. ಹಾಡಿನ ಮೊದ್ಲು ಅಜ್ಜಿ ಬಾಯಲ್ಲೇ ಹೇಳಿಸಿ, ನಾನು ಇಂಥೋಳು, ಇದು ನಾಟಿ ಹಾಡು, ಇದನ್ನ ನಾನು ಇಂಥೋರಿಂದ ಕಲಿತೆ, ಶಾಲೇಲಿ ಹಾಡ್ಬೋದು ಅಥವಾ ಹಾಡ್ಬಾರ್ದು ಅಂತ. ಆಗ ಒಪ್ಪಿಗೇನೂ ಹಾಡಿನ ಜೊತೆಗೇ ಇರತ್ತೆ, ಬೇರೆ ಕಾಗದ ಬೇಕಿಲ್ಲ, ಓದೋಕೆ ಬರೆಯೋಕೆ ಬರದ ಅಜ್ಜಿ ಕೈಲಿ ಹೆಬ್ಬೆಟ್ಟು ಒತ್ತಿಸೋದೂ ಬೇಡ. ಒಂದು ಕಾಪಿ ಶಾಲೇಲಿ, ಒಂದು ಕೇರೀಲಿ ಯಾರಾದ್ರೂ ಹುಡುಗರ ಹತ್ರ ಪೆನ್ ಡ್ರೈವಲ್ಲಿ, ಒಂದು ನಿಮ್ಮ ಹತ್ರ. ಮತ್ತೆ ರೆಕಾರ್ಡ್ ಇದೆ ಅಂತ ಅಜ್ಜೀನ ಕ್ಲಾಸಿಗೆ ಕರೆಯೋದು ಬಿಡ್ಬೇಡಿ, ಮೊಬೈಲು ಹಾಡತ್ತೆ, ಆದ್ರೆ ತಪ್ಪು ಹಾಡಿದ ಮಗೂನ ನಿಲ್ಲಿಸಿ ತಿದ್ದೋದು ಅಜ್ಜೀನೇ.